ವಿದ್ಯಾರ್ಥಿ ಚಟುವಟಿಕೆ ಶುಲ್ಕ (ಅಮೆರಿಕ)

ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕದ ಜೊತೆಗೆ ಪ್ರತಿ ವಿದ್ಯಾರ್ಥಿಯಿಂದ ಕಡ್ಡಾಯವಾಗಿ ವಸೂಲು ಮಾಡುವ ಹಣ. ಇದರ ಒಂದು ಪಾಲನ್ನು ಚುನಾಯಿತ ವಿದ್ಯಾರ್ಥಿ ಮಂಡಳಿಯೇ ನೋಂದಾಯಿತ ವಿದ್ಯಾರ್ಥಿ ಸಂಘಗಳಿಗೆ ಹಂಚುತ್ತದೆ. ಕ್ಯಾಂಪಸ್ಸಿನಲ್ಲಿ ಸಂಖ್ಯೆ ಕಡಿಮೆಯಿರುವ ಆಫ್ರಿಕನ್-ಅಮೆರಿಕನ್ನರು, ಲ್ಯಾಟಿನೊಗಳು, ಮೂಲನಿವಾಸಿಗಳು, ಸಲಿಂಗಿಗಳು ಕಟ್ಟಿಕೊಂಡ ಎಷ್ಟೋ ಸಂಘಗಳು ನಡೆಯುವುದು ಈ ಹಣದಿಂದ. ನಮ್ಮ ಕಾಲೇಜುಗಳ ರಸೀದಿಯಲ್ಲೂ ಕ್ರೀಡಾ ಶುಲ್ಕ, ಸಾಂಸ್ಕೃತಿಕ ಶುಲ್ಕ ಎಂಬ ಬಾಬತ್ತುಗಳಿರುತ್ತವೆ. ಅದರ ಖರ್ಚುವೆಚ್ಚದಲ್ಲಿ ವಿದ್ಯಾರ್ಥಿಯ ಮಾತು ನಡೆಯುವುದು ಅಪರೂಪ. ಅಲ್ಲಿ ಬಜೆಟ್ ಮಂಡಿಸುವವರೂ ಅದಕ್ಕೆ ಕತ್ತರಿ ಹಾಕುವವರೂ ವಿದ್ಯಾರ್ಥಿಗಳೇ.

ಇಂಥ ಸಂಘಗಳು ಬಲಿತದ್ದು 1960ರ ದಶಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಹುಟ್ಟಿದ್ದು 1966ರಲ್ಲಿ. ಬಡಾವಣೆಯ ಮಕ್ಕಳಿಗೆ ಪಾಠ ಹೇಳುವ ಯೋಜನೆಯನ್ನೂ ವಿದ್ಯಾರ್ಥಿಗಳೇ ಪಾಠ ರೂಪಿಸುವ ಪ್ರಯೋಗಶೀಲ ಕಾಲೇಜನ್ನೂ ಅಲ್ಲಿನ ವಿದ್ಯಾರ್ಥಿ ಮಂಡಳಿ ಶುಲ್ಕದ ಹಣದಲ್ಲೇ ನಡೆಸಿತು. 1968ರ ನವೆಂಬರಿನಲ್ಲಿ ಅಲ್ಲೇ ಶುರುವಾದ ವಿದ್ಯಾರ್ಥಿ ಮುಷ್ಕರ ಮರುವರ್ಷದ ಮಾರ್ಚಿನವರೆಗೆ ಎಳೆದು, ಜನಾಂಗೀಯ ಅಧ್ಯಯನ ಕಾಲೇಜು ಸ್ಥಾಪನೆಯಾಗುವುದಕ್ಕೆ ಕಾರಣವಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಸಲಿಂಗಿ ವಿದ್ಯಾರ್ಥಿಗಳ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆ ಬೇರೆ, ಹಣ ಬೇರೆ. ಮಾನ್ಯತೆ ಸಿಕ್ಕರೆ ಕೊಠಡಿ ಸಿಗುತ್ತದೆ, ಸೂಚನಾ ಫಲಕದಲ್ಲಿ ಜಾಗ ಸಿಗುತ್ತದೆ. ಹಣಕ್ಕೆ ಓಟು ಬೇಕು, ಮತ್ತು ಅಲ್ಪಸಂಖ್ಯಾತರ ಬಳಿ ಇಲ್ಲದಿರುವುದೇ ಓಟು.

ಈ ಇಕ್ಕಟ್ಟು ಬಯಲಾದದ್ದು ಅರ್ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಸಲಿಂಗಿ ವಿದ್ಯಾರ್ಥಿ ಸಂಘದ ಅರ್ಜಿಯನ್ನು ವಿದ್ಯಾರ್ಥಿ ಸೆನೆಟ್ ತಳ್ಳಿಹಾಕಿತು. ಸಂಘ ಕೋರ್ಟಿಗೆ ಹೋಯಿತು. ಸಂಘಗಳಿಗೆ ಹಣ ಕೊಡಲೇಬೇಕೆಂದಿಲ್ಲ, ಕೊಡುವುದಾದರೆ ಹೇಳುವ ವಿಚಾರ ನೋಡಿ ಭೇದ ಮಾಡುವಂತಿಲ್ಲ ಎಂದು 1988ರಲ್ಲಿ ಎಂಟನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಏಳು ವರ್ಷದ ಬಳಿಕ ಇದೇ ತರ್ಕ ಬೇರೊಂದು ದಿಕ್ಕಿನಿಂದ ಬಂತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರತಿ ಸೆಮಿಸ್ಟರಿಗೆ 14 ಡಾಲರ್ ಶುಲ್ಕವಿತ್ತು. ಕ್ರೈಸ್ತ ವಿದ್ಯಾರ್ಥಿಗಳ ಪತ್ರಿಕೆಯೊಂದು ತನ್ನ 5,862 ಡಾಲರಿನ ಮುದ್ರಣ ವೆಚ್ಚ ಕೇಳಿದಾಗ, ಧಾರ್ಮಿಕವೆಂಬ ಕಾರಣಕ್ಕೆ ಅದನ್ನು ನಿರಾಕರಿಸಲಾಗಿತ್ತು. 1995ರ ರೋಸೆನ್‌ಬರ್ಗರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಆ ನಿರಾಕರಣೆಯನ್ನು ಅನೂರ್ಜಿತಗೊಳಿಸಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಸೌತ್‌ವರ್ತ್ ಮೊಕದ್ದಮೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ 1995-96ರ ಶುಲ್ಕ 331.50 ಡಾಲರ್. ಸಲಿಂಗಿ ವಿದ್ಯಾರ್ಥಿಗಳ ಕೇಂದ್ರ, ಪರಿಸರವಾದಿ ಗುಂಪು ಮೊದಲಾದವುಗಳಿಗೆ ತಮ್ಮ ಹಣ ಹೋಗುವುದು ಆತ್ಮಸಾಕ್ಷಿಗೆ ವಿರುದ್ಧವೆಂದು ಕೆಲವು ವಿದ್ಯಾರ್ಥಿಗಳು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯಗಳು ಅವರ ಪರ ನಿಂತವು. 2000ದ ಮಾರ್ಚ್ 22ರಂದು ಸುಪ್ರೀಂ ಕೋರ್ಟು ಇದನ್ನು ತಿರುಗಿಸಿ, ಹಂಚಿಕೆ ಯಾವ ಅಭಿಪ್ರಾಯದ ಕಡೆಗೂ ವಾಲದಿದ್ದರೆ ಶುಲ್ಕ ಸಿಂಧು ಎಂದಿತು. ಆದರೆ ಮ್ಯಾಡಿಸನ್ನಿನಲ್ಲಿ ವಿದ್ಯಾರ್ಥಿಗಳ ಮತದಾನದಿಂದ ಸಂಘವೊಂದಕ್ಕೆ ಹಣ ಕೊಡುವ, ಕೊಟ್ಟದ್ದನ್ನು ಕಸಿಯುವ ಪದ್ಧತಿಯೂ ಇತ್ತು. ಬಹುಮತದ ಒಲವನ್ನು ತಟಸ್ಥತೆಯ ಜಾಗದಲ್ಲಿ ಕೂರಿಸಲಾಗದು ಎಂದು ಹೇಳಿ ಕೋರ್ಟು ಆ ಭಾಗವನ್ನು ಮರುವಿಚಾರಣೆಗೆ ಕಳಿಸಿತು. ಸಣ್ಣ ಸಂಘಗಳಿಗೆ ತೀರ್ಪಿನ ಈ ಭಾಗವೇ ದೊಡ್ಡ ಆಸರೆ. ವಾಕ್ ಸ್ವಾತಂತ್ರ್ಯ ಕುರಿತ ಸಂವಿಧಾನದ ಈ ಕಟ್ಟು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಮಾತ್ರ, ಖಾಸಗಿಯವಕ್ಕೆ ಅನ್ವಯಿಸುವುದಿಲ್ಲ.

ತಟಸ್ಥತೆಗೆ ಇನ್ನೊಂದು ಮುಖವೂ ಇದೆ. ಹಣಕಾಸು ಸಮಿತಿಯ ಮುಂದೆ ಕೂತ ಸಂಘದ ಖಜಾಂಚಿ ಭಾಷಣಕಾರರ ಸಂಭಾವನೆ, ಸಭಾಂಗಣ, ಪೋಸ್ಟರು ಎಂದು ಬಾಬತ್ತುವಾರು ಲೆಕ್ಕ ಒಪ್ಪಿಸಬೇಕು. ಊಟದ ಖರ್ಚಿಗೆ ಅನೇಕ ಕಡೆ ಮಿತಿ. ಇಂಥ ಸಂಘಗಳಲ್ಲಿ ಒಟ್ಟಿಗೆ ಕೂತು ಉಣ್ಣುವುದೇ ಅರ್ಧ ಕೆಲಸ ಎಂಬುದು ನಿಯಮಾವಳಿಗೆ ಕಾಣುವುದಿಲ್ಲ. ಮೊದಲು ಕೈಯಿಂದ ಹಾಕಿ, ಬಿಲ್ಲು ಕೊಟ್ಟು ಆಮೇಲೆ ಪಡೆಯಿರಿ ಎಂಬ ಪದ್ಧತಿಯೂ ಉಂಟು. ಸಾಲ ಮಾಡಿ ಓದುವ ಹುಡುಗಿಗೂ ಸಿರಿವಂತರ ಮಗನಿಗೂ ಅದು ಒಂದೇ ನಿಯಮ. ನಮಗೆ ಕೊರತೆ ಹೆಚ್ಚು, ಹಾಗಾಗಿ ಹಣವೂ ಹೆಚ್ಚು ಬೇಕು ಎಂಬ ವಾದಕ್ಕೆ ತಟಸ್ಥ ಸಮಿತಿಯಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ.

ಆ ಕೊರತೆಯನ್ನು ಎಷ್ಟೋ ಕಡೆ ತುಂಬುತ್ತಿದ್ದದ್ದು ವಿಶ್ವವಿದ್ಯಾಲಯದ ಆಡಳಿತವೇ ನಡೆಸುವ ಬಹುಸಂಸ್ಕೃತಿ ಕೇಂದ್ರಗಳು. ಸಿಬ್ಬಂದಿ, ಕಚೇರಿ, ಪ್ರಾಯೋಜಕತ್ವ ಎಲ್ಲ ಅಲ್ಲಿಂದ ಬರುತ್ತಿತ್ತು. ಈಚಿನ ರಾಜ್ಯ ಕಾನೂನುಗಳ ಪೆಟ್ಟು ಬಿದ್ದಿರುವುದು ಇವುಗಳಿಗೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆಯ (ಡಿಇಐ) ಕಚೇರಿಗಳನ್ನು ನಿಷೇಧಿಸುವ ಟೆಕ್ಸಾಸ್‌ನ ಸೆನೆಟ್ ಬಿಲ್ 17 ಎಂಬ ಕಾನೂನು 2024ರ ಜನವರಿ 1ರಿಂದ ಜಾರಿಗೆ ಬಂತು. ವಿದ್ಯಾರ್ಥಿ ಸಂಘಗಳ ಚಟುವಟಿಕೆಗೆ ಅದರಲ್ಲಿ ವಿನಾಯಿತಿಯಿದೆ. ಆದರೂ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಬಹುಸಂಸ್ಕೃತಿ ಕೇಂದ್ರ ಮುಚ್ಚಿತು, ಅದರ ಆಶ್ರಯದಲ್ಲಿದ್ದ ಸಂಘಗಳ ಹಣವೂ ಹೋಯಿತು. ಯೂಟಾದಲ್ಲೂ ಅದೇ ವರ್ಷ ಇಂಥ ಕಾನೂನು ಬಂದಾಗ, ಅಲ್ಲಿನ ವಿಶ್ವವಿದ್ಯಾಲಯದ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಹೊಸ ನಿರ್ಬಂಧಗಳಿಗೆ ಒಳಪಡಲು ಒಪ್ಪದೆ ಅಧಿಕೃತ ಪ್ರಾಯೋಜಕತ್ವವನ್ನೇ ಬಿಟ್ಟುಕೊಟ್ಟಿತು.