ಲಾಕ್‌ರಿಂಗ್ (ಟ್ರ್ಯಾಕ್ ಸೈಕಲ್)

ಟ್ರ್ಯಾಕ್ ಸೈಕಲ್ಲಿನ ಹಿಂದಿನ ಹಬ್‌ನಲ್ಲಿ ಹಲ್ಲುಚಕ್ರ ಕಳಚಿಕೊಳ್ಳದಂತೆ ಹೊರಗಿನಿಂದ ಒತ್ತಿ ಹಿಡಿಯುವ ತೆಳ್ಳನೆಯ ಲೋಹದ ಬಳೆ. ಈ ಸೈಕಲ್ಲಿಗೆ ಫ್ರೀವೀಲ್ ಇರುವುದಿಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ತಗ್ಗಿಸಲು ಸವಾರ ಕಾಲಿನಿಂದ ಪೆಡಲನ್ನು ತಡೆದಾಗ ಚೈನು ಹಲ್ಲುಚಕ್ರವನ್ನು ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಆ ಎಳೆತ ಬಳೆಯನ್ನು ಸಡಿಲಿಸದೆ ಇನ್ನಷ್ಟು ಬಿಗಿಯಲಿ ಎಂದೇ ಅದಕ್ಕೆ ಎಡ ಥ್ರೆಡ್ ಕೊಡುತ್ತಾರೆ. ಬಹುತೇಕ ಹಬ್‌ಗಳಲ್ಲಿ ಹಲ್ಲುಚಕ್ರದ ಥ್ರೆಡ್ 1.37 ಇಂಚು ಅಗಲದ್ದು, ಬಲ, ಲಾಕ್‌ರಿಂಗಿನದು 1.29 ಇಂಚು, ಎಡ. ಎರಡರಲ್ಲೂ ಇಂಚಿಗೆ 24 ಸುತ್ತು.

ಕಚ್ಚಿಕೊಂಡಿದೆ ಎಂದು ಕೈಚೆಲ್ಲಿದ ಲಾಕ್‌ರಿಂಗ್ ಎಷ್ಟೋ ಸಲ ಕಚ್ಚಿಕೊಂಡಿರುವುದೇ ಇಲ್ಲ, ತಪ್ಪು ದಿಕ್ಕಿಗೆ ತಿರುಗಿಸಿ ಬಿಗಿದಿರುತ್ತಾರೆ. ಸಾಮಾನ್ಯ ಸೈಕಲ್ಲಿನ ಫ್ರೀವೀಲ್ ಅಪ್ರದಕ್ಷಿಣವಾಗಿ ಬಿಚ್ಚಿಕೊಳ್ಳುತ್ತದೆ; ಅದರಲ್ಲಿ ಪಳಗಿದ ಕೈ ಇಲ್ಲೂ ಹಾಗೆಯೇ ಹೊರಳುತ್ತದೆ. ಚೈನಿನ ಬದಿಯಿಂದ ನೋಡಿದರೆ ಲಾಕ್‌ರಿಂಗನ್ನು ಗಡಿಯಾರದ ಮುಳ್ಳು ಹೋಗುವತ್ತ, ಪ್ರದಕ್ಷಿಣವಾಗಿ ತಿರುಗಿಸಬೇಕು. ಎಡ ಪೆಡಲ್ ಬಿಚ್ಚಿ ಗೊತ್ತಿರುವವರಿಗೆ ಈ ಎಡ ಥ್ರೆಡ್ ಹೊಸದಲ್ಲ.

ದಿಕ್ಕು ಸರಿಯಿದ್ದೂ ಅಲುಗದಿದ್ದರೆ ಕಾರಣ ತುಕ್ಕು. ಹಬ್ ಅಲ್ಯೂಮಿನಿಯಮ್, ಬಳೆ ಉಕ್ಕು ಆಗಿದ್ದು ನಡುವೆ ಮಳೆನೀರೋ ಬೆವರಿನ ಉಪ್ಪೋ ನಿಂತರೆ ಅಲ್ಯೂಮಿನಿಯಮ್ ಸವೆದು, ಅದರ ಬಿಳಿ ಪುಡಿ ಥ್ರೆಡ್‌ಗಳ ಸಂದು ತುಂಬುತ್ತದೆ. ಮೊದಲು ಅಂಚಿನ ಕೊಳೆ ಉಜ್ಜಿ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಚಕ್ರ ಮಲಗಿಸಿ ಒಂದು ರಾತ್ರಿ ಬಿಡಬೇಕು. ಈ ಹಂತದಲ್ಲಿ ಅವಸರಪಟ್ಟವರೇ ಬಳೆಯ ಕಚ್ಚುಗಳನ್ನು ಕೆಡಿಸುವುದು. ಆ ಕಚ್ಚಿಗೆ ಸರಿಯಾಗಿ ಕೂರುವ ಕೊಕ್ಕೆ ಸ್ಪ್ಯಾನರ್ ಬೇಕು. ಚಕ್ರವನ್ನು ಗೋಡೆಗೆ ಒರಗಿಸಿ, ಸ್ಪ್ಯಾನರ್ ಜಾರದಂತೆ ಒಂದು ಕೈಯಿಂದ ಒತ್ತಿಕೊಂಡು, ಹಿಡಿಯ ಮೇಲೆ ಮೈಭಾರ ಹಾಕಬೇಕು.

ಇನ್ನೊಂದು ಉಪಾಯ ಹಲ್ಲುಚಕ್ರದ ಕಡೆಯಿಂದ. ಅದನ್ನು ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಒಳಸರಿದು ಬಳೆಯ ಮೇಲಿನ ಒತ್ತಡ ಇಳಿಯುತ್ತದೆ. ಜೊತೆಗೆ ಅದರ ಉಜ್ಜಾಟ ಬಳೆಯನ್ನು ಬಿಚ್ಚುವತ್ತಲೇ ಎಳೆಯುತ್ತದೆ. ಹೀಗಾಗಿ ಬಿಚ್ಚುವ ಮುನ್ನ ಸೈಕಲ್ಲಿನಲ್ಲಿ ಏರುದಾರಿಯನ್ನು ಬಲವಾಗಿ ತುಳಿದು ಬಂದರೂ ಕೆಲಸ ಹಗುರಾಗುತ್ತದೆ.

ಬೆಂಕಿಯ ಬಗ್ಗೆ ಎಚ್ಚರ ಬೇಕು. ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇಲ್ಲಿ ಒಳಗಿರುವುದೇ ಅಲ್ಯೂಮಿನಿಯಮ್ ಆದ್ದರಿಂದ ಎರಡೂ ಒಟ್ಟಿಗೆ ಕಾದರೆ ಹಿಡಿತ ಇನ್ನೂ ಬಿಗಿಯುತ್ತದೆ. ಬೇರಿಂಗಿನ ಗ್ರೀಸೂ ಕರಗಿ ಹರಿಯುತ್ತದೆ.

ಕಚ್ಚುಗಳು ಸವೆದುಹೋಗಿದ್ದರೆ ಮೊಂಡು ಪಂಚನ್ನು ಕಚ್ಚಿನ ಅಂಚಿಗೆ ಓರೆಯಾಗಿ ಇಟ್ಟು ಸುತ್ತಿಗೆಯಿಂದ ಚಿಕ್ಕ ಚಿಕ್ಕ ಪೆಟ್ಟು ಕೊಡುತ್ತಾರೆ. ಒಂದೇ ದೊಡ್ಡ ಪೆಟ್ಟಿಗಿಂತ ಇದು ವಾಸಿ, ಏಕೆಂದರೆ ಅದುರುವಿಕೆಗೇ ತುಕ್ಕು ಬಿರಿಯುತ್ತದೆ. ಅದಕ್ಕೂ ಜಗ್ಗದಿದ್ದರೆ ಬಳೆಯನ್ನು ಬಲಿಕೊಡುವುದೇ ಸರಿ: ಒಂದು ಕಡೆ ಅರದಿಂದ ಥ್ರೆಡ್ ಮುಟ್ಟುವ ಮುಂಚಿನವರೆಗೆ ತೇದು, ಆ ಗೀರಿಗೆ ಉಳಿ ಇಟ್ಟು ಸೀಳಬೇಕು. ಬಳೆ ಅಗ್ಗ, ಹಬ್‌ನ ಥ್ರೆಡ್ ಹಾಳಾದರೆ ಹೊಸ ಹಬ್ ಹಾಕಿ ಚಕ್ರವನ್ನೇ ಮತ್ತೆ ಕಟ್ಟಬೇಕಾಗುತ್ತದೆ.

ಗೇರ್ ಸೈಕಲ್ಲಿನ ಕ್ಯಾಸೆಟ್ ಲಾಕ್‌ರಿಂಗ್ ಹೆಸರಿನಲ್ಲಿ ಮಾತ್ರ ಇದರ ನಂಟು. ಅದರದು ಬಲ ಥ್ರೆಡ್, ಬಿಗಿತ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್. ಚೈನು ತುಂಡು ಕಟ್ಟಿದ ಹಿಡಿಯಿಂದ ಹಲ್ಲುಚಕ್ರಗಳನ್ನು ತಡೆದು, ಗೀರುಗಳಿರುವ ಬಿಲ್ಲೆಯಂಥ ಉಪಕರಣದಿಂದ ಅಪ್ರದಕ್ಷಿಣವಾಗಿ ಬಿಚ್ಚುತ್ತಾರೆ.

ಟ್ರ್ಯಾಕ್ ಹಬ್‌ಗೆ ಹೊಸ ಬಳೆ ಕೂರಿಸುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಬೇಕು. ಮೊದಲ ಸವಾರಿಯಲ್ಲಿ ಹಲ್ಲುಚಕ್ರ ಇನ್ನೂ ಒಳಗೆ ಕೂರುವುದರಿಂದ ಬಳೆ ಸಡಿಲವಾಗುತ್ತದೆ. ಬಂದ ಕೂಡಲೇ ಮತ್ತೊಮ್ಮೆ ಬಿಗಿಯಬೇಕು.