ಮೆಕ್ಸಿಕೊ ಕೊಲ್ಲಿಯ ಹೆಸರು

ಉತ್ತರ ಅಮೆರಿಕದ ಭೂಪಟವನ್ನು ಬಿಡಿಸಿ ನೋಡಿದವರಿಗೆ, ಖಂಡದ ಆಗ್ನೇಯ ಭಾಗದಲ್ಲಿ ದೊಡ್ಡ ಬೋಗುಣಿಯಂತಿರುವ ಜಲರಾಶಿಯೊಂದು ಕಣ್ಣಿಗೆ ಬೀಳದಿರದು. ಇದೇ ಮೆಕ್ಸಿಕೊ ಕೊಲ್ಲಿ. ಪೂರ್ವಪಶ್ಚಿಮವಾಗಿ ಇದರ ಅಗಲ ಸುಮಾರು 1,000 ಮೈಲಿ. ವಿಸ್ತಾರ ಸುಮಾರು 6,00,000 ಚದರ ಮೈಲಿ. ನಡುವೆ 12,000 ಅಡಿಯನ್ನೂ ಮೀರಿದ ಆಳವುಂಟು. ಉತ್ತರದಿಂದ ಮಿಸಿಸಿಪ್ಪಿ ಮಹಾನದಿಯು ಖಂಡದ ನಡುನಾಡಿನ ಮಣ್ಣನ್ನು ತಂದು ಇದರಲ್ಲಿ ಸುರಿಯುವುದು. ಬಾಯಿಗೆ ಅಡ್ಡವಾಗಿ ಕ್ಯೂಬಾ ದ್ವೀಪವು ಮಲಗಿರುವುದರಿಂದ ಒಳಹೊಗಲು ಇರುವ ಬಾಗಿಲುಗಳು ಎರಡೇ: ದಕ್ಷಿಣಕ್ಕೆ ಯುಕಟಾನ್ ಜಲಸಂಧಿ, ಪೂರ್ವಕ್ಕೆ ಫ್ಲಾರಿಡಾ ಜಲಸಂಧಿ. ಮೊದಲನೆಯದರಿಂದ ಹೊಕ್ಕ ಬೆಚ್ಚನೆಯ ಪ್ರವಾಹವು ಎರಡನೆಯದರಿಂದ ರಭಸವಾಗಿ ಹೊರಬೀಳುವುದು. 1513ರಲ್ಲಿ ಫ್ಲಾರಿಡಾದ ಕರಾವಳಿಯಲ್ಲಿ ಇದರ ಸೆಳೆತಕ್ಕೆ ಸಿಕ್ಕಿದ ಸ್ಪೇನಿನ ನೌಕೆಗಳು, ಗಾಳಿಯು ಅನುಕೂಲವಾಗಿದ್ದರೂ ಹಿಂದಕ್ಕೆ ಸರಿದುವಂತೆ. ಅಲ್ಲಿದ್ದ ನಾವಿಕ ಆಲಾಮಿನೋಸನು ಅದನ್ನು ಮರೆಯಲಿಲ್ಲ. 1519ರಲ್ಲಿ ಕೊರ್ತೆಸನ ದೂತರನ್ನು ಸ್ಪೇನಿಗೆ ಒಯ್ಯುವಾಗ ಅದೇ ಪ್ರವಾಹದ ಜಾಡನ್ನು ಹಿಡಿದನು.

ಅದೇ ವರ್ಷ ಪಿನೇದನೆಂಬ ನಾವಿಕನು ಪಶ್ಚಿಮ ಸಾಗರಕ್ಕೆ ದಾರಿಯನ್ನು ಹುಡುಕುತ್ತ ಉತ್ತರದ ದಡವನ್ನೆಲ್ಲ ಸುತ್ತಿದನು. ದಾರಿ ಸಿಕ್ಕಲಿಲ್ಲ, ಕೊಲ್ಲಿಯ ಆಕಾರ ಸಿಕ್ಕಿತು. ಹೆಸರು ಮಾತ್ರ ಬಹುಕಾಲ ನಿಲ್ಲಲಿಲ್ಲ. ಕೆಲವರು ಹೊಸ ಸ್ಪೇನಿನ ಕೊಲ್ಲಿ ಎಂದರು, ಕೆಲವರು ಫ್ಲಾರಿಡಾ ಕೊಲ್ಲಿ ಎಂದರು. ಹದಿನಾರನೆಯ ಶತಮಾನದ ಮಧ್ಯದಲ್ಲಿ ಭೂಪಟವನ್ನೇರಿದ ಮೆಕ್ಸಿಕೊ ಎಂಬ ಹೆಸರು ಕ್ರಮೇಣ ಉಳಿದವನ್ನು ಹಿಂದಿಕ್ಕಿತು.

ಆಗ ಮೆಕ್ಸಿಕೊ ಎಂಬ ಸ್ವತಂತ್ರ ರಾಷ್ಟ್ರವೇ ಇರಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಆ ಹೆಸರು ಮೆಷೀಕರೆಂಬ ಜನರದು. ಅವರ ರಾಜಧಾನಿಯು ಕಡಲಿನಿಂದ ಸುಮಾರು 200 ಮೈಲಿ ಒಳಗೆ, 7,000 ಅಡಿಗೂ ಎತ್ತರದ ಪ್ರಸ್ಥಭೂಮಿಯಲ್ಲಿ, ಸರೋವರದ ನಡುವೆ ಇದ್ದಿತು. 1521ರಲ್ಲಿ ಕೊರ್ತೆಸನೂ ಅವನೊಡನೆ ಸೇರಿದ ಸ್ಥಳೀಯ ವೈರಿಗಳೂ ಅದನ್ನು ಮುತ್ತಿ ಹಾಳುಗೆಡವಿದರು. ಊರನ್ನು ಕೆಡವಿದವರ ಭೂಪಟದಲ್ಲಿಯೇ ಊರಿನ ಹೆಸರು ಕಡಲನ್ನು ಸೇರಿತು! ಅಮೆರಿಕ ಸಂಯುಕ್ತ ಸಂಸ್ಥಾನವು 1776ರಲ್ಲಿ, ಮೆಕ್ಸಿಕೊ ರಾಷ್ಟ್ರವು 1821ರಲ್ಲಿ ಸ್ವತಂತ್ರವಾದುವು. ಹೆಸರು ಎರಡಕ್ಕೂ ಹಿರಿಯದು.

2025ರ ಜನವರಿಯಲ್ಲಿ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಟ್ರಂಪರು ತಮ್ಮ ಸರ್ಕಾರದ ಬಳಕೆಗಾಗಿ ಇದನ್ನು ಅಮೆರಿಕ ಕೊಲ್ಲಿ ಎಂದು ಬದಲಿಸಿ ಆಜ್ಞೆ ಹೊರಡಿಸಿದರು. ಆ ಆಜ್ಞೆಯು ಮೆಕ್ಸಿಕೊವನ್ನಾಗಲಿ ಕ್ಯೂಬಾವನ್ನಾಗಲಿ ಕಟ್ಟುವುದಿಲ್ಲ. ನಮ್ಮ ಬಂಗಾಳ ಕೊಲ್ಲಿಯು ಒಡಿಶಾ, ಆಂಧ್ರ, ತಮಿಳುನಾಡುಗಳ ದಡವನ್ನೂ ತೊಳೆಯುತ್ತದೆ. ಅಲ್ಲಿಯವರು ಯಾರೂ ಅದಕ್ಕಾಗಿ ಬಂಗಾಳವನ್ನು ತಮ್ಮ ಒಡೆಯನೆಂದು ಭಾವಿಸಿದವರಲ್ಲ. ಮೆಕ್ಸಿಕೊದ ಅಧ್ಯಕ್ಷೆ ಶೇನ್‌ಬಾಮ್ ಅವರು ಮಾತ್ರ ಹಳೆಯ ಭೂಪಟವೊಂದನ್ನು ಮುಂದಿರಿಸಿಕೊಂಡು, ಹಾಗಾದರೆ ಉತ್ತರ ಅಮೆರಿಕವನ್ನು ಮೆಕ್ಸಿಕೊ ಅಮೆರಿಕ ಎಂದು ಕರೆಯಬಾರದೇಕೆ ಎಂದು ನಗುತ್ತ ಕೇಳಿದರು.