ಒಟ್ಟು ಎಷ್ಟು ಟೆಸ್ಟ್?

ಬಿಲ್ಡ್ ಮುಗಿದ ಮೇಲೆ ಪರದೆಯ ಕೊನೇ ಸಾಲಿನಲ್ಲಿ ಒಂದು ಸಂಖ್ಯೆ ಬರುತ್ತಲ್ಲ, ಇಷ್ಟು ಟೆಸ್ಟ್ ಓಡಿದವು, ಇಷ್ಟು ಪಾಸಾದವು ಅಂತ, ಅದನ್ನು ನಾವು ಕರೆಂಟ್ ಮೀಟರಿನ ರೀಡಿಂಗ್ ಥರ ನಂಬುತ್ತೇವೆ. ರಿಲೀಸ್ ಮೀಟಿಂಗಿನಲ್ಲಿ ಓದಿ ಹೇಳುತ್ತೇವೆ, ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇವೆ. ಆದರೆ ಮೀಟರಿನಲ್ಲಿ ಒಂದು ಯೂನಿಟ್ ಅಂದರೆ ಯಾರ ಮನೆಯಲ್ಲಾದರೂ ಅಷ್ಟೇ. ಒಂದು ಟೆಸ್ಟ್ ಅಂದರೆ ಎಷ್ಟು? ಈ ಪ್ರಶ್ನೆಗೆ ಒಂದೊಂದು ಲೈಬ್ರರಿ ಒಂದೊಂದು ಉತ್ತರ ಕೊಡುತ್ತಾ ಬಂದಿದೆ.

ಮೊದಲು ಪರ್ಲ್ ಕಡೆ ಹೋಗೋಣ. 1987ರ ಡಿಸೆಂಬರಿನಲ್ಲಿ ಲ್ಯಾರಿ ವಾಲ್ ಪರ್ಲ್ ಭಾಷೆಯ ಮೊದಲ ಆವೃತ್ತಿ ಬಿಟ್ಟಾಗ ಅದರ ಜೊತೆಗೇ ಪುಟ್ಟ ಪುಟ್ಟ ಟೆಸ್ಟ್ ಫೈಲುಗಳಿದ್ದವು. ಪ್ರತಿ ಫೈಲೂ ಶುರುವಿನಲ್ಲೇ ತನ್ನ ಲೆಕ್ಕ ಘೋಷಿಸುತ್ತಿತ್ತು: ಏಳು ಪರೀಕ್ಷೆ ಇದ್ದರೆ ಒಂದು, ಎರಡು ಚುಕ್ಕಿ, ಏಳು. ಆಮೇಲೆ ಒಂದೊಂದಾಗಿ ಓಕೆ 1, ಓಕೆ 2. ಯಾಕೆ ಮೊದಲೇ ಹೇಳಬೇಕು? ಪ್ರೋಗ್ರಾಮ್ ಐದನೆಯದರ ಹತ್ತಿರ ಸತ್ತುಬಿದ್ದರೆ ನಿಮಗೆ ಕಾಣಿಸೋದು ಐದು ಓಕೆ ಮಾತ್ರ, ಒಂದೂ ಫೇಲ್ ಇಲ್ಲ. ಏಳು ಅಂತ ಮೊದಲೇ ಹೇಳಿದ್ದರಿಂದ ಎರಡು ಕಾಣೆಯಾಗಿವೆ ಅಂತ ಗೊತ್ತಾಗುತ್ತೆ. ಶಾಲೆಯ ಟೂರ್ ಬಸ್ಸು ಹೊರಡೋ ಮುಂಚೆ ಮೇಷ್ಟ್ರು ತಲೆ ಎಣಿಸಿದ ಹಾಗೆ. ಆ ಸಂಖ್ಯೆ ಹುಟ್ಟಿದ್ದು ಹೆಮ್ಮೆಪಡೋದಕ್ಕಲ್ಲ, ಯಾರೂ ತಪ್ಪಿಸಿಕೊಳ್ಳಬಾರದು ಅಂತ. ಅಲ್ಲಿ ಒಂದು ಟೆಸ್ಟ್ ಅಂದರೆ ಒಂದು ಓಕೆ, ಅಂದರೆ ಒಂದು ತಪಾಸಣೆ.

ಹತ್ತು ವರ್ಷದ ನಂತರ ಅಳತೆಗೋಲು ಬದಲಾಯಿತು. ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯೂನಿಟ್ ಬರೆದಿದ್ದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಜಾವಾಗೆ ಅದೇ ಮಾದರಿಯ ಜೆಯೂನಿಟ್ ಶುರುಮಾಡಿದರು. (ನಾವು ವಿಮಾನದಲ್ಲಿ ಸಿನಿಮಾ ನೋಡುತ್ತೇವೆ, ಇರಲಿ.) ಅಲ್ಲಿ ಒಂದು ಟೆಸ್ಟ್ ಅಂದರೆ ಒಂದು ಮೆಥಡ್. ಅದರೊಳಗೆ ಹತ್ತು ತಪಾಸಣೆ ಇದ್ದರೂ ಲೆಕ್ಕ ಒಂದೇ. ಟೆಸ್ಟುಗಳನ್ನು ಎಣಿಸೋದಕ್ಕೇ ಒಂದು ಮೆಥಡ್ ಇತ್ತು. ಓಡಿಸುವ ಮುಂಚೆ ಅದನ್ನು ಕೇಳಿ, ಬಂದ ಉತ್ತರದ ಪ್ರಕಾರ ಆ ಪ್ರಸಿದ್ಧ ಹಸಿರು ಪಟ್ಟಿಯ ಉದ್ದ ನಿಗದಿಯಾಗುತ್ತಿತ್ತು.

ತಕರಾರು ಬಂದದ್ದು ಒಂದೇ ಪರೀಕ್ಷೆಯನ್ನು ಬೇರೆ ಬೇರೆ ಮಾಹಿತಿಯ ಮೇಲೆ ಓಡಿಸಬೇಕಾದಾಗ. ಅಧಿಕ ವರ್ಷ ಹೌದೋ ಅಲ್ಲವೋ ಹೇಳುವ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. 2024 ಹೌದು, 2023 ಅಲ್ಲ, 2000 ಹೌದು, 1900 ಅಲ್ಲ. ನಾಲ್ಕು ಮೆಥಡ್ ಬರೆಯೋದು ಬೋರು. ಒಂದೇ ಮೆಥಡ್ಡಿನಲ್ಲಿ ಲೂಪ್ ಹಾಕಿದರೆ, ಎರಡನೆಯದು ಫೇಲಾದ ಕೂಡಲೇ ಮೆಥಡ್ ನಿಂತುಹೋಗುತ್ತೆ, ಮಿಕ್ಕ ಎರಡು ಏನಾದವು ಅಂತ ಗೊತ್ತೇ ಆಗಲ್ಲ. 2006ರ ಜೆಯೂನಿಟ್ 4 ಇದಕ್ಕೊಂದು ದಾರಿ ಕೊಟ್ಟಿತು, ಅದೇ ಪ್ಯಾರಾಮೀಟರೈಸ್ಡ್ ಟೆಸ್ಟ್. ಮಾಹಿತಿಯ ಪಟ್ಟಿ ಬೇರೆ, ಪರೀಕ್ಷೆ ಬೇರೆ. ಪಟ್ಟಿಯ ಪ್ರತಿ ಸಾಲಿಗೂ ಕ್ಲಾಸಿನ ಎಲ್ಲಾ ಟೆಸ್ಟುಗಳೂ ಒಂದೊಂದು ಸಲ ಓಡುತ್ತವೆ, ಪ್ರತಿಯೊಂದೂ ಬೇರೆಯಾಗಿ ಲೆಕ್ಕಕ್ಕೆ ಬರುತ್ತೆ. ಮೂರು ಮೆಥಡ್, ನಾಲ್ಕು ಸಾಲು, ವರದಿಯಲ್ಲಿ 12. ಹೆಸರು ಮಾತ್ರ ಸೊನ್ನೆ, ಒಂದು, ಎರಡು ಅಂತ ಬರೀ ಕ್ರಮಸಂಖ್ಯೆ. ಯಾವ ವರ್ಷಕ್ಕೆ ಫೇಲಾಯಿತು ಅಂತ ತಿಳಿಯೋಕೆ ಬೆರಳು ಮಡಚಿ ಎಣಿಸಬೇಕಿತ್ತು. ಬೇಕಾದ ಹೆಸರು ಕೊಡೋ ಸೌಲಭ್ಯ ಬಂದದ್ದು 2012ರ 4.11 ಆವೃತ್ತಿಯಲ್ಲಿ.

ಪೈಥಾನ್ ಲೋಕದ ಪೈಟೆಸ್ಟ್ ಇನ್ನೂ ಧಾರಾಳಿ. ಅಲ್ಲಿ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಬಹುದು. ಹತ್ತರ ಮೇಲೆ ಹನ್ನೆರಡು ಇಟ್ಟರೆ 120 ಟೆಸ್ಟ್. ಬರೆದದ್ದು ಮೂರು ಸಾಲು.

ತಲೆ ಎಣಿಕೆ ಹೆಮ್ಮೆಯ ವಿಷಯವಾದದ್ದು ಇಲ್ಲೇ ಅಂತ ನನ್ನ ಲೆಕ್ಕ. ಅಷ್ಟು ಹೊತ್ತಿಗೆ ಜೆಂಕಿನ್ಸ್‌ನಂಥ ಸಾಧನಗಳು ಪ್ರತಿ ಬಿಲ್ಡಿನ ಟೆಸ್ಟ್ ಸಂಖ್ಯೆಯನ್ನು ಗ್ರಾಫ್ ಮಾಡಿ ತೋರಿಸುತ್ತಿದ್ದವು. ಗ್ರಾಫ್ ಇದ್ದ ಮೇಲೆ ಅದು ಮೇಲೇರಲೇಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಸ್ಪ್ರಿಂಟಿನಿಂದ ಸ್ಪ್ರಿಂಟಿಗೆ ಟೆಸ್ಟ್ ಸಂಖ್ಯೆ ಹೆಚ್ಚಬೇಕು ಅಂತ ಕಟ್ಟಪ್ಪಣೆ. ಪಕ್ಕದ ಟೀಮಿನವರು ಹಳೇ ಲೂಪುಗಳನ್ನೆಲ್ಲ ಪ್ಯಾರಾಮೀಟರ್ ಪಟ್ಟಿಗಳಾಗಿ ಬದಲಾಯಿಸಿದರು. ಗ್ರಾಫ್ ನೆಟ್ಟಗೆ ಮೇಲಕ್ಕೆ ಹೋಯಿತು, ಶಹಬ್ಬಾಸ್‌ಗಿರಿಯ ಮೇಲ್ ಎಲ್ಲರಿಗೂ ಬಂತು. ಹೊಸದಾಗಿ ಪರೀಕ್ಷೆಗೊಳಗಾದದ್ದು ಏನೂ ಇರಲಿಲ್ಲ. ಬದಲಾವಣೆ ಒಳ್ಳೇದೇ, ಯಾವ ಸಾಲು ಕೆಟ್ಟಿತು ಅಂತ ಈಗ ಕಾಣುತ್ತಿತ್ತು. ಆದರೆ ಮೆಚ್ಚುಗೆ ಬಂದದ್ದು ಆ ಕಾರಣಕ್ಕಲ್ಲ. ನಮ್ಮ ಅಧಿಕ ವರ್ಷದ ಪಟ್ಟಿಯನ್ನೇ ನೋಡಿ: 2004, 2008, 2012 ಅಂತ ಇಪ್ಪತ್ತು ಸಾಲು ಸೇರಿಸಿದರೆ ಲೆಕ್ಕ ಇಪ್ಪತ್ತು ಹೆಚ್ಚುತ್ತೆ. 1900 ಇಲ್ಲದಿದ್ದರೆ, ನಾಲ್ಕರಿಂದ ಭಾಗಿಸಿ ಸುಮ್ಮನಾಗುವ ತಪ್ಪು ಫಂಕ್ಷನ್ನೂ ಅಷ್ಟೂ ಸಾಲಿಗೆ ಹಸಿರು ತೋರಿಸುತ್ತೆ.

ಪೈಥಾನಿನ ಸ್ವಂತ ಯೂನಿಟ್‌ಟೆಸ್ಟ್ ಲೈಬ್ರರಿ ಉಲ್ಟಾ ದಾರಿ ಹಿಡಿಯಿತು. 2014ರ ಪೈಥಾನ್ 3.4ರಲ್ಲಿ ಸಬ್‌ಟೆಸ್ಟ್ ಬಂತು: ಲೂಪಿನೊಳಗೆ ಒಂದು ಸುತ್ತು ಫೇಲಾದರೂ ಮಿಕ್ಕವು ಓಡುತ್ತವೆ. ಲೆಕ್ಕ ಮಾತ್ರ ಮೆಥಡ್ಡಿಗೇ. ಆರು ಸುತ್ತಿನಲ್ಲಿ ಮೂರು ಕೆಟ್ಟರೆ ವರದಿ ಹೇಳೋದು ಹೀಗೆ: ಓಡಿದ್ದು 1 ಟೆಸ್ಟ್, ಫೇಲಾದದ್ದು 3. ಒಂದೇ ತೆಂಗಿನಕಾಯಿ ಒಡೆದು ಮೂರು ಕೊಳೆತಿವೆ ಅಂದಂತೆ! ಮೊದಲ ಸಲ ನೋಡಿದವರು ಇದು ಬಗ್ ಅಂತಲೇ ತಿಳಿಯುತ್ತಾರೆ. ನಿಜವಾಗಿ ಇದು ಪ್ರಾಮಾಣಿಕ ಲೆಕ್ಕ. ಟೆಸ್ಟನ್ನು ಒಂದು ಅಳತೆಯಲ್ಲಿ, ಫೇಲನ್ನು ಇನ್ನೊಂದು ಅಳತೆಯಲ್ಲಿ ಎಣಿಸಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೇ.

ಹ್ಯಾಸ್ಕೆಲ್ ಭಾಷೆಯವರ ಕ್ವಿಕ್‌ಚೆಕ್ ಕೂಡ ನೆನಪಾಗುತ್ತೆ. 2000ದಲ್ಲಿ ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಇದರ ಬಗ್ಗೆ ಪ್ರಬಂಧ ಬರೆದರು. ನೀವು ಒಂದು ನಿಯಮ ಹೇಳಿದರೆ ಅದು ತಾನೇ ಮಾಹಿತಿ ಹುಟ್ಟಿಸಿ, 100 ಟೆಸ್ಟ್ ಪಾಸ್ ಅನ್ನುತ್ತೆ. ಅದೇ ಆಲೋಚನೆಯ ಪೈಥಾನ್ ರೂಪ ಹೈಪಾಥಿಸಿಸ್. ಅದೂ ಸಾಮಾನ್ಯವಾಗಿ 100 ಉದಾಹರಣೆ ಓಡಿಸುತ್ತೆ, ಆದರೆ ಪೈಟೆಸ್ಟ್ ವರದಿಯಲ್ಲಿ ಕಾಣೋದು 1 ಪಾಸ್. ಕೆಲಸ ಅದೇ, ಲೆಕ್ಕ ನೂರು ಪಟ್ಟು ವ್ಯತ್ಯಾಸ.

2017ರ ಜೆಯೂನಿಟ್ 5 ಈ ಗೊಂದಲಕ್ಕೆ ಎರಡು ಪದ ಬಳಸಿತು. ಪ್ಯಾರಾಮೀಟರೈಸ್ಡ್ ಮೆಥಡ್ ಈಗ ಕಂಟೇನರ್, ಅಂದರೆ ಡಬ್ಬಿ. ಒಳಗಿನ ಒಂದೊಂದು ಸುತ್ತು ಟೆಸ್ಟ್. ವರದಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ನನಗೆ ಇದು ಹಿಡಿಸಿತು. ಆದರೆ ಇದಕ್ಕೂ ಬೆಲೆ ತೆತ್ತಿದ್ದಾರೆ: ಡಬ್ಬಿ ತೆರೆಯೋವರೆಗೆ ಒಳಗೆ ಎಷ್ಟಿವೆ ಅಂತ ಗೊತ್ತಿಲ್ಲ, ಯಾಕಂದರೆ ಪಟ್ಟಿ ಹುಟ್ಟೋದೇ ಓಡುವ ಹೊತ್ತಿನಲ್ಲಿ. ಪರ್ಲ್ ಮೊದಲೇ ಹೇಳುತ್ತಿದ್ದ ಆ ಏಳು ಇಲ್ಲಿ ಸಿಗೋದಿಲ್ಲ.

ಹಾಗಾದರೆ ಡಬ್ಬಿ ಖಾಲಿ ಇದ್ದರೆ? ಇದು ತಮಾಷೆಯ ಪ್ರಶ್ನೆ ಅಲ್ಲ. ಪಟ್ಟಿಯನ್ನು ಫೈಲಿನಿಂದ ಓದುತ್ತಿದ್ದೀರಿ, ಯಾರೋ ಫೋಲ್ಡರಿನ ಹೆಸರು ಬದಲಾಯಿಸಿದರು, ಫೈಲ್ ಹುಡುಕಿದ ಕೋಡಿಗೆ ಸಿಕ್ಕಿದ್ದು ಖಾಲಿ ಪಟ್ಟಿ. ಜೆಯೂನಿಟ್ 5 ಆಗ ಕನಿಷ್ಠ ಒಂದು ಸಾಲಾದರೂ ಕೊಡಿ ಅಂತ ಜಗಳ ತೆಗೆಯುತ್ತೆ. ಪೈಟೆಸ್ಟ್ ತಾನಾಗಿ ಬಿಟ್ಟರೆ ಸ್ಕಿಪ್ ಅಂತ ಬರೆದು ಮುಂದೆ ಹೋಗುತ್ತೆ, ಸೆಟ್ಟಿಂಗ್ ಬದಲಾಯಿಸಿದರೆ ಮಾತ್ರ ಫೇಲ್ ಮಾಡುತ್ತೆ. ಯೂನಿಟ್‌ಟೆಸ್ಟ್ 3.12ರಿಂದ ಈಚೆಗೆ ಒಂದೂ ಟೆಸ್ಟ್ ಓಡದಿದ್ದರೆ ಎರರ್ ಕೋಡ್ ಕೊಡುತ್ತೆ. ಆದರೆ ಖಾಲಿ ಪಟ್ಟಿಯ ಮೇಲಿನ ಸಬ್‌ಟೆಸ್ಟ್ ಲೂಪಿಗೆ ಅದು ಅನ್ವಯಿಸೋದಿಲ್ಲ. ಮೆಥಡ್ ಓಡಿತಲ್ಲ! ವರದಿ ಇವತ್ತಿಗೂ ಅದನ್ನು 1 ಟೆಸ್ಟ್, ಓಕೆ ಅಂತಲೇ ಬರೆದುಕೊಳ್ಳುತ್ತೆ. ಕೋಡ್ ರಿವ್ಯೂನಲ್ಲಿ ಇಂಥ ಲೂಪ್ ಕಂಡಾಗಲೆಲ್ಲ, ಅದರ ಮೇಲೆ ಪಟ್ಟಿಯ ಉದ್ದ ನೋಡುವ ಒಂದು ಸಾಲು ಹಾಕಿಸದೆ ನಾನು ಒಪ್ಪಿಗೆ ಕೊಡೋದಿಲ್ಲ.